ಮೋಡ ಕಂಡರೆ ಗೋಯಿಂಗ್ ಟು, ಫೋನ್ ಬಂದರೆ ವಿಲ್

ಇಂಗ್ಲಿಷ್ ವ್ಯಾಕರಣದ ಪರೀಕ್ಷೆಗಳಲ್ಲಿ ಭವಿಷ್ಯತ್ ಕಾಲದ ಪ್ರಶ್ನೆ ಬಂದರೆ ಎರಡೇ ಎರಡು ಸಂಗತಿ ನಡೆಯುತ್ತವೆ. ಕಪ್ಪು ಮೋಡ ಕವಿಯುತ್ತದೆ, ಇಲ್ಲವೇ ಫೋನ್ ಬಡಿದುಕೊಳ್ಳುತ್ತದೆ. ಮೋಡ ಕಂಡವರು 'ಇಟ್ ಈಸ್ ಗೋಯಿಂಗ್ ಟು ರೇನ್' ಅನ್ನಬೇಕು. ಫೋನ್ ಕೇಳಿಸಿದವರು 'ಐ ವಿಲ್ ಗೆಟ್ ಇಟ್' ಅಂತ ಏಳಬೇಕು. ಅದಲು ಬದಲಾಯಿತೋ, ಒಂದು ಅಂಕ ಹೋಯಿತು. ಆ ಮೋಡದಿಂದ ಇವತ್ತಿನವರೆಗೆ ಒಂದು ಹನಿಯೂ ಬಿದ್ದಿಲ್ಲ. ಫೋನ್ ಮಾಡಿದ ಪುಣ್ಯಾತ್ಮ ಯಾರು ಅನ್ನುವುದೂ ಗೊತ್ತಾಗಿಲ್ಲ. ಅಷ್ಟರೊಳಗೆ ಮುಂದಿನ ಪ್ರಶ್ನೆ ಬಂದಿರುತ್ತದೆ.

ನಿಯಮ ಕೇಳಲು ಸರಳ. ಮೊದಲೇ ತೀರ್ಮಾನಿಸಿದ್ದರೆ 'ಗೋಯಿಂಗ್ ಟು', ಮಾತಾಡುವಾಗಲೇ ಹೊಳೆದರೆ 'ವಿಲ್'. ಸರಿ, ಈಗ ಬಿಟ್ಟ ಸ್ಥಳ ತುಂಬಿ: 'ಐ ಡ್ಯಾಶ್ ರೈಟ್ ಎ ಲೆಟರ್ ಟುಮಾರೋ.' ಪತ್ರ ಬರೆಯುವ ಯೋಚನೆ ಈ ಆಸಾಮಿಗೆ ನಿನ್ನೆ ರಾತ್ರಿ ಬಂತೋ, ಈಗ ಬಂತೋ? ಪ್ರಶ್ನೆಯಲ್ಲಿ ಸುಳಿವಿಲ್ಲ. ಆದರೆ ಕೀ ಆನ್ಸರ್‌ಗೆ ಮಾತ್ರ ಅವನ ಮನಸ್ಸಿನ ಒಳಗುಟ್ಟು ಗೊತ್ತು. ಇಂಗ್ಲಿಷನ್ನೇ ಕುಡಿದು ಬೆಳೆದವರನ್ನು ಕೂರಿಸಿದರೆ ಎರಡೂ ಸರಿ ಅಂತಾರೆ. ಅವರಿಗೇನು ಬಿಡಿ, ಪರೀಕ್ಷೆ ಬರೆಯಬೇಕಾಗಿಲ್ಲ.

ಇನ್ನು ಯಾರನ್ನಾದರೂ ಭೇಟಿಯಾಗಲು ಸಮಯ ಗೊತ್ತು ಮಾಡಿಕೊಂಡಿದ್ದರೆ 'ಐ ಆ್ಯಮ್ ಮೀಟಿಂಗ್ ಹರ್ ಟುಮಾರೋ'. ಭೇಟಿ ನಾಳೆ, ಕ್ರಿಯಾಪದ ಇವತ್ತೇ ನಡೀತಾ ಇದೆ. ರೈಲಿನ ವಿಷಯವಂತೂ ಕೇಳಲೇಬೇಡಿ. ವೇಳಾಪಟ್ಟಿ ಇದ್ದರೆ ಸುಮ್ನೆ ವರ್ತಮಾನ ಕಾಲ ಸಾಕು: 'ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್.' ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅನ್ನುವಷ್ಟೇ ಗಟ್ಟಿಯಾಗಿ ಹೇಳಬಹುದು. ಇಡೀ ಭಾಷೆಯಲ್ಲಿ ಇಷ್ಟೊಂದು ನಂಬಿಕೆ ಗಳಿಸಿದ್ದು, ನೋಡಿ, ರೈಲು!

ಇದೆಲ್ಲ ಚಿಲ್ಲರೆ ತಾಪತ್ರಯ. ದೊಡ್ಡದು 'ಶಲ್', ನಾಳೆಯ ಮಾತಿಗೆ 'ವಿಲ್' ಜೊತೆ ಪೈಪೋಟಿಗಿಳಿಯುವ ಇನ್ನೊಂದು ಪದ. 1653ರಲ್ಲಿ ಜಾನ್ ವಾಲಿಸ್ ಅನ್ನುವ ಗಣಿತಜ್ಞ ಇಂಗ್ಲಿಷಿಗೊಂದು ವ್ಯಾಕರಣ ಬರೆದರು, ಅದೂ ಲ್ಯಾಟಿನ್‌ನಲ್ಲಿ. ಅದರ ಪ್ರಕಾರ 'ಐ', 'ವಿ' ಜೊತೆ 'ಶಲ್' ಬಂದರೆ ಬರೀ ಮುನ್ಸೂಚನೆ, 'ವಿಲ್' ಬಂದರೆ ಮಾತು ಕೊಟ್ಟಂತೆ ಅಥವಾ ಬೆದರಿಸಿದಂತೆ. ಉಳಿದವರಿಗೆಲ್ಲ ಇದು ಪೂರ್ತಿ ಉಲ್ಟಾ. ಇದೇ ಮಹಾನುಭಾವರು 1655ರಲ್ಲಿ ಅನಂತಕ್ಕೆ ಒಂದು ಚಿಹ್ನೆ ಕೊಟ್ಟರು, ಮಲಗಿದ ಎಂಟರ ಥರದ್ದು. ಅನಂತಕ್ಕೆ ಒಂದೇ ಗುರುತು ಸಾಕಾಯಿತು. ನಾಳೆ ಬೆಳಿಗ್ಗೆಗೆ ಎರಡು ಬೇಕಾದವು.

ಆಮೇಲೆ ಮೇಷ್ಟ್ರುಗಳು ಇದಕ್ಕೊಂದು ಕಥೆ ಕಟ್ಟಿಕೊಂಡರು. ನೀರಿಗೆ ಬಿದ್ದ ಪರದೇಶಿಯೊಬ್ಬ 'ಐ ವಿಲ್ ಡ್ರೌನ್, ನೋಬಡಿ ಶಲ್ ಸೇವ್ ಮಿ' ಅಂತ ಕೂಗಿಕೊಂಡನಂತೆ. ನಿಯಮದ ಪ್ರಕಾರ ಅದರ ಅರ್ಥ, ನಾನು ಮುಳುಗಿಯೇ ತೀರುತ್ತೇನೆ, ಯಾರೂ ಉಳಿಸಕೂಡದು. ದಡದಲ್ಲಿದ್ದ ಸುಶಿಕ್ಷಿತರು ಅವನ ಇಷ್ಟದಂತೆ ಬಿಟ್ಟರು. ಕಥೆಯಲ್ಲಿ ದಡ್ಡ ಅನ್ನಿಸಿಕೊಂಡವನು ಮುಳುಗಿದವನೇ ಹೊರತು ನಿಂತು ನೋಡಿದವರಲ್ಲ!

1906ರಲ್ಲಿ ಫೌಲರ್ ಸಹೋದರರು ಇಂಗ್ಲಿಷ್ ಬಳಕೆಯ ಪುಸ್ತಕವೊಂದರಲ್ಲಿ ಇದೇ ಶಲ್-ವಿಲ್ ಬಗ್ಗೆ ಪುಟಗಟ್ಟಲೆ ಬರೆದರು. ಬರೆಯುವ ಮೊದಲೇ ಒಂದು ಮಾತು ಒಪ್ಪಿಕೊಂಡರು: ದಕ್ಷಿಣ ಇಂಗ್ಲೆಂಡಿನವರಿಗೆ ಇದು ಹುಟ್ಟಿನಿಂದ ಬರುತ್ತದೆ, ಉಳಿದವರಿಗೆ ಕಲಿಯುವುದೇ ಕಷ್ಟ. ಅಂದರೆ ಗೊತ್ತಿದ್ದವರಿಗೆ ಪುಸ್ತಕ ಬೇಡ, ಗೊತ್ತಿಲ್ಲದವರಿಗೆ ಪುಸ್ತಕದಿಂದ ಪ್ರಯೋಜನವಿಲ್ಲ.

1942ರಲ್ಲಿ ಫಿಲಿಪ್ಪೀನ್ಸ್ ಬಿಟ್ಟು ಬಂದ ಅಮೆರಿಕದ ಸೇನಾಧಿಕಾರಿ ಜನರಲ್ ಮೆಕಾರ್ಥರ್ 'ಐ ಶಲ್ ರಿಟರ್ನ್' ಅಂದರು. ವಾಲಿಸರ ಲೆಕ್ಕದಲ್ಲಿ ಇದು ಹವಾಮಾನ ವರದಿ. ಜಗತ್ತು ಶಪಥ ಅಂದುಕೊಂಡಿತು. 1944ರಲ್ಲಿ ಅವರು ವಾಪಸ್ ಬಂದಿಳಿದಾಗ ಯಾರೂ ವ್ಯಾಕರಣ ಕೇಳಲಿಲ್ಲ.

ವಕೀಲರಿಗೆ ಮಾತ್ರ 'ಶಲ್' ಅಂದರೆ ಪ್ರಾಣ. ಅದು ಕಡ್ಡಾಯವೋ, ಭವಿಷ್ಯವೋ, ಬರೀ ಅಲಂಕಾರವೋ ಅಂತ ವಾದ ಮಾಡುತ್ತಾ ಎಷ್ಟು ಜನ ಫೀಸು ಎಣಿಸಿಕೊಂಡರೋ! ಕೊನೆಗೆ ಅಮೆರಿಕದ ಫೆಡರಲ್ ಕೋರ್ಟುಗಳ ಸಿವಿಲ್ ವ್ಯಾಜ್ಯ ನಿಯಮಗಳನ್ನು 2007ರಲ್ಲಿ ತಿದ್ದಿ ಬರೆದಾಗ ಆ ಪದವನ್ನು ಹುಡುಕಿ ಹುಡುಕಿ ತೆಗೆದರು.

ಮಜಾ ಇರುವುದು ಇಲ್ಲಿ. ಇಂಗ್ಲಿಷಿಗೆ ಭವಿಷ್ಯತ್ ಕಾಲವೇ ಇಲ್ಲ ಅನ್ನುವ ಭಾಷಾಶಾಸ್ತ್ರಜ್ಞರು ಬಹಳ ಜನ. 'ವಾಕ್' ಭೂತಕಾಲಕ್ಕೆ 'ವಾಕ್ಡ್' ಆಗುತ್ತದೆ, ನಾಳೆಗೆ ಅಂತ ಅದಕ್ಕೊಂದು ರೂಪವಿಲ್ಲ. 'ವಿಲ್' ಅನ್ನುವುದು 'ಕ್ಯಾನ್', 'ಮೇ' ಥರದ ಇನ್ನೊಂದು ಸಹಾಯಕ, ಅಷ್ಟೇ. ಹಡಲ್‌ಸ್ಟನ್ ಮತ್ತು ಪುಲ್ಲಮ್ 2002ರಲ್ಲಿ ತಂದ, 1,800ಕ್ಕೂ ಹೆಚ್ಚು ಪುಟಗಳ ಕೇಂಬ್ರಿಡ್ಜ್ ವ್ಯಾಕರಣದ ನಿಲುವೂ ಇದೇ. ಕೋಚಿಂಗ್ ಚಾರ್ಟಿನಲ್ಲಿ ಮಾತ್ರ ಟೆನ್ಸ್ ಹನ್ನೆರಡು, ಅದರಲ್ಲಿ ನಾಲ್ಕು ಭವಿಷ್ಯದವು. ನಾಲ್ಕನೆಯದು 'ವಿಲ್ ಹ್ಯಾವ್ ಬೀನ್ ವೇಟಿಂಗ್'. ಅದನ್ನು ಬಾಯಿಬಿಟ್ಟು ಹೇಳುವಷ್ಟರಲ್ಲಿ ಕಾಯುತ್ತಿದ್ದವರು ಎದ್ದು ಹೋಗಿರುತ್ತಾರೆ.

ಆ ದಪ್ಪ ಪುಸ್ತಕವನ್ನು ನಿಜಕ್ಕೂ ಓದಿ ಮುಗಿಸಿದ ಯಾವನೋ ವಿದ್ಯಾರ್ಥಿ 'ಇಂಗ್ಲಿಷಿನ ಭವಿಷ್ಯತ್ ಕಾಲಗಳನ್ನು ಹೆಸರಿಸಿ' ಅನ್ನುವ ಪ್ರಶ್ನೆಗೆ 'ಇಲ್ಲ' ಅಂತ ಬರೆದು ಬರಲಿ ನೋಡೋಣ. ನಾಲ್ಕಕ್ಕೆ ಸೊನ್ನೆ.