ಏನು ಬರುತ್ತದೆ?

ಈ ನಲವತ್ತೆಂಟರಲ್ಲಿ ಕೆಲಸ ಬಿಟ್ಟು, ಎರಡು ವರ್ಷ ಪರದೇಶದಲ್ಲಿ ಸ್ವಯಂಸೇವಕನಾಗಿ ದುಡಿಯುತ್ತೇನೆ ಅಂದಾಗ ಎಲ್ಲರೂ ಕೇಳಿದ್ದು ಒಂದೇ. ಸಂಬಳ ಎಷ್ಟು? ಸಂಬಳ ಇಲ್ಲ, ಊಟ ವಸತಿಗೆ ಆಗುವಷ್ಟು ಭತ್ಯೆ ಕೊಡುತ್ತಾರೆ ಎಂದೆ. ಎದುರಿಗಿದ್ದವರ ಮುಖದಲ್ಲಿ ಕನಿಕರ ಬಂತು. ಒಬ್ಬರಂತೂ ದನಿ ತಗ್ಗಿಸಿ, "ಮನೇಲಿ ಎಲ್ಲಾ ಸರಿ ಇದೆ ತಾನೇ?" ಅಂದರು.

ಮನೆಯಲ್ಲಿ ಎಲ್ಲಾ ಸರಿಯಾಗೇ ಇತ್ತು. ತೊಂದರೆ ಇದ್ದದ್ದು ಅರ್ಜಿಯಲ್ಲಿ.

ಅದರಲ್ಲೊಂದು ಪ್ರಶ್ನೆ: ನಿಮಗೆ ಏನು ಮಾಡಲು ಬರುತ್ತದೆ? ಇಪ್ಪತ್ಮೂರು ವರ್ಷ ದುಡಿದವನಿಗೆ ಇದೇನು ಮಹಾ ಅಂತ ಕೂತೆ. ಗಂಟೆ ಕಳೆದರೂ ಜಾಗ ಖಾಲಿ. ವಿಸಿಟಿಂಗ್ ಕಾರ್ಡಿನಲ್ಲಿ ನನ್ನ ಹುದ್ದೆಯ ಹೆಸರು ಎರಡು ಸಾಲು ಹಿಡಿಯುತ್ತದೆ, ಆದರೆ ಮಾಡುವ ಕೆಲಸ ಯಾವುದು ಅಂತ ನೋಡಿದರೆ ಮೀಟಿಂಗ್ ಕರೆಯುವುದು, ಬೇರೆಯವರು ಕರೆದ ಮೀಟಿಂಗಿಗೆ ಹೋಗುವುದು, ಮುಂದಿನ ಮೀಟಿಂಗ್ ಯಾವಾಗ ಅಂತ ಅಲ್ಲೇ ಕೂತು ತೀರ್ಮಾನ ಮಾಡುವುದು. ಬಾವಿ ತೋಡಲು ಬರಲ್ಲ. ಹೆರಿಗೆ ಮಾಡಿಸಲು ಬರಲ್ಲ.

1958ರಲ್ಲಿ ಸ್ವಯಂಸೇವಕರನ್ನು ಪರದೇಶಗಳಿಗೆ ಕಳಿಸುವ ಬ್ರಿಟನ್ನಿನ ಸಂಸ್ಥೆ ವಿಎಸ್‌ಒ ಶುರುವಾದಾಗ ಶಾಲೆ ಮುಗಿಸಿದ ಹದಿನೆಂಟರ ಹುಡುಗರನ್ನೇ ಕಳಿಸುತ್ತಿದ್ದರು. ಹುರುಪಿದ್ದರೆ ಸಾಕಿತ್ತು. ಈಗ ಅನುಭವ ಕೇಳುತ್ತಾರೆ, ಹಾಗಾಗಿ ನಮ್ಮ ವಯಸ್ಸಿನವರಿಗೆ ಅನುಕೂಲ ಅಂತಾರೆ. ಅನುಭವ ಯಾವುದರಲ್ಲಿ ಅಂತ ನಮಗೇ ಗೊತ್ತಿದ್ದರೆ ಇನ್ನೂ ಅನುಕೂಲ, ಅಲ್ವಾ?

ಧೈರ್ಯಕ್ಕೆ ಲಿಲಿಯನ್ ಕಾರ್ಟರ್ ಅವರನ್ನು ಹಿಡಿದುಕೊಂಡೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ. 1966ರಲ್ಲಿ, ತಮ್ಮ 68ನೇ ವಯಸ್ಸಿನಲ್ಲಿ, ಅಮೆರಿಕ ಸರ್ಕಾರದ ಇಂಥದ್ದೇ ಸ್ವಯಂಸೇವಕ ಸಂಸ್ಥೆ ಪೀಸ್ ಕೋರ್ ಸೇರಿ ಮುಂಬೈ ಹತ್ತಿರದ ವಿಕ್ರೋಲಿಗೆ ಬಂದು ಕೆಲಸ ಮಾಡಿದವರು. ಈ ಕತೆಯನ್ನು ಹೆಂಡತಿಗೆ ಸ್ವಲ್ಪ ಜೋರಾಗೇ ಹೇಳಿದೆ.

"ಅವರು ನರ್ಸ್ ಕಣ್ರೀ, ಇಂಜೆಕ್ಷನ್ ಕೊಡೋಕೆ ಬರ್ತಿತ್ತು. ನಿಮಗೆ ಚುಚ್ಚಿಸಿಕೊಳ್ಳೋಕೂ ಭಯ."

ಅದೂ ನಿಜವೇ. ಆಫ್ರಿಕಾದ ಹಲವು ದೇಶಗಳಿಗೆ ಕಾಲಿಡಬೇಕಾದರೆ ಹಳದಿ ಜ್ವರದ ಲಸಿಕೆಯ ಪತ್ರ ಬೇಕು, ಅದೂ ಚುಚ್ಚಿಸಿಕೊಂಡು ಹತ್ತು ದಿನ ಆದಮೇಲಷ್ಟೇ ನಡೆಯುತ್ತದೆ. ಮುಂಚೆ ಹತ್ತು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕಿತ್ತು. 2016ರಿಂದ ಒಂದು ಸಲ ಹಾಕಿಸಿದರೆ ಜೀವನಪೂರ್ತಿ. ನನ್ನ ಹತ್ತಿರ ಇರುವ ಬೇರೆ ಯಾವ ಸರ್ಟಿಫಿಕೇಟಿಗೂ ಇಷ್ಟು ಬಾಳಿಕೆ ಇಲ್ಲ.

ಕೊನೆಗೆ ದಾರಿ ತೋರಿಸಿದ್ದೂ ಅವಳೇ. "ಮೊದಲು ಸ್ಟೋರ್ಸ್‌ನಲ್ಲಿ ಇದ್ರಲ್ಲ, ಅದನ್ನೇ ಬರೀರಿ." ನಾನು ಮರೆತೇ ಬಿಟ್ಟಿದ್ದ, ಮರೆಯಲಿ ಅಂತಲೇ ಬಿಟ್ಟಿದ್ದ ಎರಡು ವರ್ಷ ಅದು. ಬಂದ ಸರಕು ಎಣಿಸಿ ರಿಜಿಸ್ಟರಿನಲ್ಲಿ ಬರೆಯುವುದು, ಬೇಗ ಅವಧಿ ಮುಗಿಯುವುದನ್ನು ಮುಂದಿಡುವುದು, ತೀರಾ ಖಾಲಿಯಾಗುವ ಮೊದಲೇ ಮತ್ತೆ ತರಿಸುವುದು. ಸಂಕೋಚದಿಂದಲೇ ಬರೆದೆ. ವಾರದೊಳಗೆ ಕರೆ ಬಂತು. ದೂರದ ಊರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಇದ್ದೂ ಔಷಧಿ ಇಲ್ಲದಿದ್ದರೆ ರೋಗಿ ಬರಿಗೈಯಲ್ಲೇ ವಾಪಸ್ ಹೋಗಬೇಕು, ಒಂದು ಕಪಾಟಿನಲ್ಲಿ ಅವಧಿ ಮೀರಿದ ಡಬ್ಬಿಗಳು ಕೊಳೆಯುತ್ತಿರುವಾಗಲೇ ಪಕ್ಕದ ಕಪಾಟು ಖಾಲಿ ಬಿದ್ದಿರುತ್ತದೆ. ನಾನು ಪ್ರಮೋಷನ್ ಸಿಕ್ಕಿ ತಪ್ಪಿಸಿಕೊಂಡ ಕೆಲಸ ಇಂಥದ್ದು.

ವಿಡಿಯೊದಲ್ಲಿ ಮಾತಾಡಿದ ಹುಡುಗಿಗೆ ಮೂವತ್ತೂ ಇರಲಿಕ್ಕಿಲ್ಲ. ಬಹುಶಃ ನನ್ನ ಮುಂದಿನ ಬಾಸ್. ನೀವೇ ಎಲ್ಲಾ ಮಾಡಿಬಿಡಬೇಡಿ ಎಂದಳು. ಅಲ್ಲಿಯವರ ಜೊತೆ ಕೂತು ಮಾಡಿ, ನೀವು ಹೊರಟ ಮೇಲೂ ನಡೆಯಬೇಕಲ್ಲ. ಆಮೇಲೆ, ಕರೆಂಟ್ ಇಲ್ಲದಿದ್ದರೆ ಲೆಕ್ಕ ಇಡೋಕೆ ಬರುತ್ತಾ ಅಂತ ಕೇಳಿದಳು.

ಬರುತ್ತದೆ ಎಂದೆ. ಎಷ್ಟೋ ವರ್ಷದ ಮೇಲೆ ಆ ಮಾತು ಸಲೀಸಾಗಿ ಬಾಯಿಗೆ ಬಂತು.

ಈಗ ರಾತ್ರಿ ಊಟ ಆದಮೇಲೆ ಒಂದು ಉದ್ದ ಪುಸ್ತಕ ಇಟ್ಟುಕೊಂಡು ಸ್ಕೇಲಿನಲ್ಲಿ ಗೆರೆ ಎಳೆಯುತ್ತಿದ್ದೇನೆ. ಬಂದದ್ದು, ಹೋದದ್ದು, ಉಳಿದದ್ದು. ಮೂರನೇ ಗೆರೆ ಯಾಕೋ ಸೊಟ್ಟಗೇ ಬರುತ್ತಿದೆ. ಮಗಳು ಬಗ್ಗಿ ನೋಡಿ, "ಅಪ್ಪಾ, ಎಕ್ಸೆಲ್ ಇದೆಯಲ್ಲ?" ಅಂದಳು.