ತಿಕ್ಕೋ ಕೈಗೆ ಕೊರಿಯಾದ ಪ್ಯಾಡ್

ಮೊನ್ನೆ ಆಫೀಸಿನ್ಯಾಗ ಊಟಕ್ಕ ಕೂಡೋ ಮೊದಲು, ಹೊಸದಾಗಿ ಸೇರಿದ ಹುಡುಗಿ ಬ್ಯಾಗಿನಿಂದ ಒಂದು ದುಂಡನ ಡಬ್ಬಿ ತೆಗೆದ್ಳು. ಒಳಗ ಒದ್ದಿ ಹತ್ತಿ ಬಿಲ್ಲೆಗೋಳು. ಕೊರಿಯಾದ ಟೋನರ್ ಪ್ಯಾಡ್, ಅಂದ್ರ ಮುಖ ತೊಳದ ಮ್ಯಾಲ ಹಚ್ಚೋ ನೀರಿನಂಥ ರಸದಾಗ ಅದ್ದಿಟ್ಟ ಬಿಲ್ಲೆ. ಒಂದು ತೊಗೊಂಡು ಹಣಿ ಮ್ಯಾಲ ಗಸಗಸ ತಿಕ್ಕಿದ್ಳು. ಬಿಲ್ಲೆ ಕರ್ರಗಾಯ್ತು. "ನೋಡ್ರೀ ಅಕ್ಕಾ, ಎಷ್ಟು ಹೊಲಸು ಬಂತು!" ಅಂತ ನನಗ ತೋರಿಸಿದ್ಳು. ನನಗ ನಗು ಬರ್ಲಿಲ್ಲ. ಎರಡು ವರ್ಷದ ಹಿಂದ ನಾನೂ ಹಿಂಗೇ ಖುಷಿಪಟ್ಟಾಕಿ.

ನಮ್ಮ ಅವ್ವ ಐತಾರ ಜಳಕಾ ಮಾಡಿಸ್ತಿದ್ಳಂದ್ರ ಕೈಯಾಗ ತಿಕ್ಕೋ ಕಲ್ಲು ಇದ್ದೇ ಇರ್ತಿತ್ತು. ಮೊಣಕೈ, ಹಿಮ್ಮಡಿ, ಕುತ್ತಿಗಿ ಕೆಂಪಾಗೋತನಕ ಬಿಡ್ತಿದ್ದಿಲ್ಲ. ಉರಿದ್ರನೇ ಸ್ವಚ್ಛ ಆಗ್ಯದಂತ ಲೆಕ್ಕ. ಅದೇ ಕೈ ನಂದೂ. ಪ್ಯಾಡಿಗೆ ಒಂದು ಬಾಜು ನುಣ್ಣಗ, ಇನ್ನೊಂದು ಬಾಜು ಉಬ್ಬುಬ್ಬು ಇರ್ತದ. ನಾ ಯಾವುದು ಹಿಡಿದಿರಬಹುದು ಹೇಳ್ರಿ? ಮ್ಯಾಲ ಅದು ಆ್ಯಸಿಡ್ ಪ್ಯಾಡು, ಗ್ಲೈಕೋಲಿಕ್ಕೂ ಇತ್ತು, ಸ್ಯಾಲಿಸಿಲಿಕ್ಕೂ ಇತ್ತು. ಏಪ್ರಿಲ್ ತಿಂಗಳದಾಗ ಮುಂಜಾನಿ ಒಂದು, ಸಂಜಿಗೊಂದು ತಿಕ್ಕಿಕೊಂಡು ಸ್ಕೂಟಿ ಮ್ಯಾಲ ನಮ್ಮ ಕಲಬುರಗಿಯ ಸೇಡಂ ರೋಡ್ ಹಿಡಿತಿದ್ದೆ. ಎರಡು ವಾರದಾಗ ಮುಖಕ್ಕ ಬರೇ ನೀರು ಬಿದ್ರೂ ಚುರುಚುರು. ಆಮ್ಯಾಲ ಗಲ್ಲದ ಎಲುಬಿನ ಮ್ಯಾಲ ಎರಡೂ ಕಡಿ ಕಪ್ಪನ ಕಲಿ. ಚರ್ಮದ ಡಾಕ್ಟರು ಎಲ್ಲಾ ಬಂದ್ ಮಾಡಿಸಿ, ಬರೇ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಹಚ್ಚಂದ್ರು. ಕಲಿ ತಿಳಿ ಆಗ್ಲಿಕ್ಕೆ ನಾಕು ತಿಂಗಳು ಹಿಡೀತು.

ಆಮ್ಯಾಲ ಓದಿ ತಿಳಕೊಂಡೆ. ಸತ್ತ ಚರ್ಮದ ಪದರನ್ನ ಹಿಡಿದಿಟ್ಟ ಅಂಟು ಇರ್ತದಲ್ಲ, ಅದನ್ನ ಸಡ್ಲ ಮಾಡೋದೇ ಆ್ಯಸಿಡ್ ಕೆಲಸ. ಅದಕ್ಕ ನಮ್ಮ ಕೈಯ ಜೋರು ಬೇಕಾಗಿಲ್ಲ. ಮ್ಯಾಲ ತಿಕ್ಕಿದ್ರ ಎರಡೆರಡು ಸಲ ಸುಲಿದಂಗ. ಮತ್ತ ಗ್ಲೈಕೋಲಿಕ್, ಲ್ಯಾಕ್ಟಿಕ್ ಇಂಥವು, ಅಂದ್ರ ಎಎಚ್‌ಎ ಅಂತಾರಲ್ಲ, ಅವು ಹಚ್ಚಿದ ಚರ್ಮ ಬಿಸಿಲಿಗೆ ಲಗೂನ ಸುಡ್ತದ. ಹಚ್ಚೋತನಕ ಅಷ್ಟೇ ಅಲ್ಲ, ಬಿಟ್ಟ ಮ್ಯಾಲೂ ಒಂದು ವಾರ ಸನ್‌ಸ್ಕ್ರೀನ್ ಬೇಕು ಅಂತ ಔಷಧ, ಸೌಂದರ್ಯದ ಸಾಮಾನು ನೋಡಿಕೊಳ್ಳೋ ಅಮೆರಿಕಾದ ಸರ್ಕಾರಿ ಸಂಸ್ಥೆ ಎಫ್‌ಡಿಎನೇ ಹೇಳ್ತದ. ಮೇ ತಿಂಗಳದಾಗ 42-43 ಡಿಗ್ರಿ ಮುಟ್ಟೋ ಊರಿನ್ಯಾಗ ನಾ ಮುಂಜಾನೆದ್ದು ಇದನ್ನ ಹಚ್ಕೊಂಡು ಹೊರಗ ಹೋಗ್ತಿದ್ದೆ. ಶಾಣ್ಯಾಕಿ!

ಅದಕ್ಕೇ ಡಬ್ಬಿ ಮುಂದ ಏನು ಬರೆದದ ಅನ್ನೋದಕ್ಕಿಂತ ಹಿಂದ ಏನು ಬರೆದದ ನೋಡ್ರಿ. ಸ್ಯಾಲಿಸಿಲಿಕ್ ಎಣ್ಣಿಯೊಳಗ ಕರಗ್ತದ, ಎಣ್ಣಿ ಮುಖಕ್ಕ, ಮೂಗಿನ ಮ್ಯಾಲಿನ ಬ್ಲ್ಯಾಕ್‌ಹೆಡ್‌ಗೆ ಅದು ಆಗಿಬರ್ತದ. ಗ್ಲುಕೋನೋಲ್ಯಾಕ್ಟೋನ್ ಇದ್ರ ಅದು ಇನ್ನೊಂದು ಜಾತಿ ಆ್ಯಸಿಡ್, ಪಿಎಚ್‌ಎ, ಕಣ ದೊಡ್ಡದು, ನಿಧಾನ ಇಳೀತದ, ಉರಿ ಕಡಿಮಿ. 'ಸಿಕಾ' ಅಂತ ಇದ್ರ ಬೆಚ್ಚಬ್ಯಾಡ್ರಿ, ಅದು ಮಲೆನಾಡಿನವರು ತಂಬುಳಿ ಮಾಡೋ ಒಂದೆಲಗ. ಹಾರ್ಟ್‌ಲೀಫ್ ಅನ್ನೋದು ಮೇಘಾಲಯದಾಗ ಜಾಮಿರ್ದೋ ಅಂತ ಚಟ್ನಿ ಮಾಡಿ ತಿನ್ನೋ ಸೊಪ್ಪು. ನಾವು ಅದನ್ನೇ ಕೊರಿಯಾದಿಂದ ತರಿಸಿ ಮುಖಕ್ಕ ಹಚ್ಕೋತೀವಿ, ಇರ್ಲಿ. ಆ್ಯಸಿಡ್ ಬೆರಸದಿದ್ರ ಈ ಸೊಪ್ಪಿನ ಪ್ಯಾಡು ಸುಲಿಯೋದಿಲ್ಲ, ತಂಪು ಮಾಡ್ತಾವ. ಶಿವರಾತ್ರಿಯಿಂದ ಮಳಿ ಹಿಡಿಯೋತನಕ ನಮ್ಮ ಕಡಿಗೆ ಇವೇ ಸಾಕಂತ ನನ್ನ ಮಾತು. ಆ್ಯಸಿಡ್ ಬೇಕೇ ಬೇಕಂದ್ರ ಮಳಿಗಾಲದಾಗ, ವಾರಕ್ಕ ಎರಡು ರಾತ್ರಿ, ನುಣ್ಣನ ಬಾಜು. ಬೆಳ್ಳಗಾಗ್ತೀನಿ ಅಂತ ತರಿಸೋರಿಗೆ ಮಾತ್ರ ನಾ ಏನೂ ಹೇಳಂಗಿಲ್ಲ. ರೊಕ್ಕ ನಿಮ್ಮದು.

ರೊಕ್ಕ ಅಂದಕೂಡ್ಲೆ ನೆನಪಾಯ್ತು. ನಾ ಕೊಟ್ಟಿದ್ದು ಸಾವಿರದ ಐನೂರು, ಒಳಗ 70 ಬಿಲ್ಲೆ. ಒಂದಕ್ಕ 21 ರೂಪಾಯಿ ಮ್ಯಾಲಾಯ್ತು. ಅಂಥಾದ್ರಾಗ ಸೇಡಂ ರೋಡಿನ ಧೂಳು ಒರಸೋದೇನ್ರಿ? ಧೂಳಿಗೆ ನೀರದ, ಫೇಸ್‌ವಾಶ್ ಅದ. ಮುಖ ತೊಳದ ಮ್ಯಾಲ ಹಚ್ಚೋದು ಪ್ಯಾಡು. ಖರೆ ಹೇಳಬೇಕಂದ್ರ, ಬಾಟ್ಲಿ ಟೋನರ್ ಅಂಗೈಗೆ ಹಾಕ್ಕೊಂಡು ತಟ್ಟಿದ್ರೂ ಹೆಚ್ಚುಕಡಿಮಿ ಅದೇ ಕೆಲಸ ಆಗ್ತದ. ಪ್ಯಾಡು ಗೆಲ್ಲೋದು ಒಂದೇ ಕಡಿ. ಬಿಸಿಲಾಗ ತಿರುಗಾಡಿ ಬಂದು, ಮುಖ ತೊಳಕೊಂಡು, ಗಲ್ಲಕ್ಕ ಒಂದೊಂದು ಅಂಟಿಸಿ ಫ್ಯಾನಿನ ಕೆಳಗ ಐದು ನಿಮಿಷ ಅಡ್ಡಾಗಬೇಕು. ಜ್ವರಕ್ಕ ಹಣಿ ಮ್ಯಾಲ ಒದ್ದಿ ಪಟ್ಟಿ ಹಾಕ್ತೀವಲ್ಲ, ಹಂಗ. ಒಣಗೋ ಮೊದಲೇ ತೆಗೀಬೇಕು. ಆ್ಯಸಿಡ್ ಪ್ಯಾಡ್ ಹಿಂಗ ಅಂಟಿಸಬ್ಯಾಡ್ರಿ ಮತ್ತ.

ರಸ ಎಲ್ಲಾ ತಳಕ್ಕ ಇಳಿದು ಮ್ಯಾಲಿನ ಬಿಲ್ಲೆ ಒಣಗ್ತಾವ, ಅದಕ್ಕ ಹಚ್ಚೋ ಹಿಂದಿನ ರಾತ್ರಿ ಮುಚ್ಚಳ ಬಿಗಿ ಮಾಡಿ ಡಬ್ಬಿ ಬೋರಲು ಇಡ್ರಿ. ಬೆರಳು ಅದ್ದಬ್ಯಾಡ್ರಿ, ಒಳಗ ಚಿಮಟ ಕೊಟ್ಟಿರ್ತಾರ. ನನ್ನ ಚಿಮಟ ನಮ್ಮ ಅತ್ತಿ ಒಯ್ದು ಮುಳ್ಳು ತೆಗಿಲಿಕ್ಕೆ ಇಟ್ಕೊಂಡಾರ, ಕೇಳೋ ಧೈರ್ಯ ನನಗಿಲ್ಲ. ಕೊಳ್ಳುವಾಗ ಇಲ್ಲಿ ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ನಂಬರಿನ ಚೀಟಿ ಅದನೋ ಇಲ್ಲೋ ನೋಡ್ರಿ. ತಾರೀಖು ಕೊರಿಯಾದ ಪದ್ಧತಿಯಾಗ ವರ್ಷ ಮೊದಲು, ದಿನ ಕಡಿಗೆ ಇರ್ತದ. ಬಾಜೂಕ 'ಜೇಜೋ' ಅಂತ ಅವರ ಲಿಪಿಯಾಗ ಇದ್ರ ತಯಾರಾದ ದಿನ, 'ಕ್ಕಾಜಿ' ಇದ್ರ ಅಲ್ಲೀತನಕ ಬಾಳಿಕಿ. ಮೊಬೈಲ್ ಕ್ಯಾಮೆರಾ ಹಿಡಿದ್ರ ಅದೇ ಓದಿ ಹೇಳ್ತದ.

ಇದನ್ನೆಲ್ಲಾ ಆ ಹುಡುಗಿಗೆ ಹೇಳ್ದೆ. ಮುಖ ಸಣ್ಣದು ಮಾಡಿ ಡಬ್ಬಿ ತಿರುವಿ ಓದಿದ್ಳು. ಗ್ಲೈಕೋಲಿಕ್ಕೇ ಇತ್ತು. "ಅಕ್ಕಾ, ಇನ್ನಾ ಅರ್ಧ ಡಬ್ಬಿ ಉಳದಾವಲ್ರೀ, ಏನ್ ಮಾಡ್ಲಿ?" ಅಂದ್ಳು.

"ಹಿಮ್ಮಡಿ ಅದಾವಲ್ಲ, ರಾತ್ರಿ ಅವಕ್ಕ ತಿಕ್ಕು ತಂಗಿ" ಅಂದೆ.