ಹಲ್ಲಿನ ಅಳತೆ ಯಾರ ಹತ್ತಿರ ಇರಬೇಕು?

ದಾವಣಗೆರೆಯ ನಮ್ಮ ಮನೆಯಲ್ಲಿ, ಅಮ್ಮನ ಬೀರುವಿನ ಮೇಲೆ ಒಂದು ದೊಡ್ಡ ಕವರ್ ಇದೆ. ಅಪ್ಪನ ಮೊಣಕಾಲಿನ ಎಕ್ಸ್‌ರೇ, ಅಮ್ಮನ ಎದೆಯದು, ಎಂಟನೇ ಕ್ಲಾಸಿನಲ್ಲಿ ನಾನು ಕೈ ಮುರಿದುಕೊಂಡಾಗಿನದು, ಎಲ್ಲಾ ಅದರಲ್ಲೇ. ಯಾವ ಡಾಕ್ಟರ ಹತ್ತಿರ ಹೋದರೂ ಕವರ್ ಜೊತೆಗೆ ಹೋಗುತ್ತದೆ. ಅದರ ಬೆಲೆ ನನಗೆ ತಿಳಿದದ್ದು ಹೋದ ವರ್ಷ, ಇಲ್ಲಿ ಜ್ಯೂರಿಕ್‌ನಲ್ಲಿ, ಒಂದು ದವಡೆ ಹಲ್ಲು ಮುರಿದಾಗ.

ಇಲ್ಲಿನ ಡಾಕ್ಟರ್ ಮೊದಲು ಕೇಳಿದ್ದು, "ಹಿಂದೆ ಯಾವಾಗಲಾದರೂ ಬಾಯಿ ಸ್ಕ್ಯಾನ್ ಮಾಡಿಸಿದ್ದೀರಾ? ಹಳೆ ಆಕಾರ ಸಿಕ್ಕಿದರೆ ಅದನ್ನೇ ನಕಲು ಮಾಡಬಹುದು" ಅಂತ. ಮಾಡಿಸಿದ್ದೆ! ಎರಡು ವರ್ಷದ ಹಿಂದೆ ರಜೆಯಲ್ಲಿ ಊರ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ಇನ್ನೊಂದು ಪಕ್ಕಕ್ಕೆ ಕ್ಯಾಪ್ ಹಾಕಿಸಿದಾಗ ಕೆಳಗಿನ ಸಾಲನ್ನು ಪೂರ್ತಿ ಸ್ಕ್ಯಾನ್ ಮಾಡಿದ್ದರು. ಕುರ್ಚಿಯಲ್ಲಿ ಕೂತೇ ಫೋನ್ ಮಾಡಿದೆ. "ಫೈಲ್ ಕ್ಯಾಪ್ ಮಾಡೋ ಲ್ಯಾಬಿಗೆ ಕಳಿಸಿದ್ವಿ ಸರ್. ಅವರು ಆಗಲೇ ಅಳಿಸಿಬಿಟ್ಟಿದ್ದಾರೆ" ಅಂದರು. ಕ್ಯಾಪಿನ ವಾರಂಟಿ ಕಾರ್ಡ್ ಮಾತ್ರ ನನ್ನ ಹತ್ತಿರ ಭದ್ರವಾಗಿದೆ.

ಬೇರೆ ದಾರಿ ಇರಲಿಲ್ಲ. ಡಾಕ್ಟರ್ ಹಲ್ಲು ತೇದರು, ದಪ್ಪ ಟೂತ್‌ಬ್ರಶ್ಶಿನಂಥ ಕ್ಯಾಮೆರಾ ಬಾಯೊಳಗೆ ಆಡಿಸಿದರು. ಪಕ್ಕದ ಹಲ್ಲು, ಎದುರಿನ ಹಲ್ಲು ನೋಡಿ ಕಂಪ್ಯೂಟರ್ ಒಂದು ಆಕಾರ ಊಹಿಸಿತು. ಮೆಷಿನ್ ನೀರು ಚಿಮ್ಮಿಸುತ್ತಾ ಒಂದು ಬ್ಲಾಕಿನಿಂದ ಆ ಆಕಾರದ ಕ್ಯಾಪನ್ನು ಕಾಲು ಗಂಟೆ ಕೊರೆಯಿತು. ಸಹಾಯಕಿ ಅದನ್ನು ಅಂಗೈಯಲ್ಲಿಟ್ಟು ತೋರಿಸಿದಾಗ ಗಾಬರಿಯಾದೆ. ನೇರಳೆ ಬಣ್ಣದ ಹಲ್ಲು! ಅದು ಲಿಥಿಯಂ ಡೈಸಿಲಿಕೇಟ್ ಅನ್ನುವ ಗಾಜಿನ ಜಾತಿಯ ಪಿಂಗಾಣಿ. ಕೊರೆಯಲು ಸುಲಭವಾಗಲಿ ಅಂತ ಅರ್ಧ ಹದದಲ್ಲೇ ಬ್ಲಾಕ್ ಮಾಡಿರುತ್ತಾರೆ, ಆಗ ಅದು ನೇರಳೆ. ಸುಮಾರು 850 ಡಿಗ್ರಿ ಕುಲುಮೆಯಲ್ಲಿ ಬೆಂದ ಮೇಲೆ ಹಲ್ಲಿನ ಬಣ್ಣ, ಗಟ್ಟಿತನ ಎರಡೂ ಬರುತ್ತವೆ. ಬೆಳಗ್ಗೆ ಹೋದವನು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆ.

ಒಂದೇ ದಿನದಲ್ಲಿ ಮುಗಿಸುವ ಈ ಪದ್ಧತಿ ಹುಟ್ಟಿದ್ದೇ ಈ ಊರಿನಲ್ಲಿ. ಜ್ಯೂರಿಕ್ ವಿಶ್ವವಿದ್ಯಾಲಯದ ದಂತವೈದ್ಯ ವೆರ್ನರ್ ಮೋರ್ಮನ್ ಮತ್ತು ಎಂಜಿನಿಯರ್ ಮಾರ್ಕೊ ಬ್ರಾಂಡೆಸ್ಟಿನಿ ಸೇರಿ ಮಾಡಿದ ಸೆರೆಕ್ ಯಂತ್ರ 1985ರ ಸೆಪ್ಟೆಂಬರಿನಲ್ಲಿ ಮೊದಲ ರೋಗಿಗೆ ಪಿಂಗಾಣಿ ತುಂಡು ಕೊರೆದುಕೊಟ್ಟಿತು. ಅದಕ್ಕೂ ಮುಂಚೆ ಫ್ರಾನ್ಸಿನ ದಂತವೈದ್ಯ ಫ್ರಾನ್ಸ್ವಾ ದುರೆ 1973ರಲ್ಲೇ ಬೆಳಕಿನಿಂದ ಹಲ್ಲಿನ ಅಚ್ಚು ತೆಗೆಯುವ ಬಗ್ಗೆ ಬರೆದಿದ್ದರು. ಆ ಮೊದಲ ಸೆರೆಕ್‌ಗೆ ಜಗಿಯುವ ಭಾಗ ಕೊರೆಯಲು ಬರುತ್ತಿರಲಿಲ್ಲ. ಡಾಕ್ಟರೇ ಕೈಯಿಂದ ತಿದ್ದಬೇಕಿತ್ತು.

ಅದು ಈಗಲೂ ಕಷ್ಟದ ಭಾಗವೇ. ನನ್ನ ಕ್ಯಾಪನ್ನು ಎರಡು ಸಲ ಹೋಗಿ ತೇಯಿಸಿಕೊಂಡು ಬಂದೆ. ತಿಂಗಳಾದರೂ ನಾಲಿಗೆ ಸುಮ್ನೆ ಅಲ್ಲಿಗೇ ಹೋಗುತ್ತಿತ್ತು. ಆಗೆಲ್ಲ ಅಮ್ಮನ ಕ್ಯಾಪ್ ನೆನಪಾಗುತ್ತಿತ್ತು. ದಾವಣಗೆರೆಯಲ್ಲಿ ಅವಳಿಗೆ ಹಳೇ ಪದ್ಧತಿಯಲ್ಲೇ ಹಾಕಿದ್ದು. ಬಾಯಿ ತುಂಬ ಪುಟ್ಟಿ ಇಟ್ಟು ಅಳತೆ ತೆಗೆದರು, ಅವಳಿಗೆ ವಾಕರಿಕೆ ಬಂತು. ಲ್ಯಾಬ್ ಹುಡುಗ ಡಬ್ಬಿಯಲ್ಲಿ ಹಾಕಿಕೊಂಡು ಬೈಕಿನಲ್ಲಿ ಹೋದ. ಒಂದು ವಾರ ಆದಮೇಲೆ ಡಾಕ್ಟರು ನೀಲಿ ಕಾಗದ ಕಚ್ಚಿಸಿ, "ಅಮ್ಮಾ, ಅಡಿಕೆ ಅಗಿಯೋ ಹಾಗೆ ಅಗೀರಿ" ಅಂದರು. ಪಕ್ಕದ ಹಲ್ಲು ಎಷ್ಟು ಸವೆದಿತ್ತೋ, ಲ್ಯಾಬಿನವರು ಕ್ಯಾಪಿಗೂ ಅಷ್ಟೇ ಸವೆತ ಕೊಟ್ಟಿದ್ದರು. ಹನ್ನೊಂದು ವರ್ಷವಾಯಿತು, ಅಮ್ಮನಿಗೆ ಯಾವ ಕಡೆ ಹಾಕಿಸಿದ್ದು ಅನ್ನುವುದೇ ಮರೆತುಹೋಗಿದೆ.

ಹಾಗಾಗಿ ನಮ್ಮ ಊರಿನ ಪ್ರತಿ ಕ್ಲಿನಿಕ್ಕಿಗೂ ಕೊರೆಯುವ ಮೆಷಿನ್ ಬೇಕು ಅಂತ ನನಗೆ ಅನಿಸುವುದಿಲ್ಲ. ನಮ್ಮಲ್ಲೂ ಹಾಕುವ ಜಿರ್ಕೋನಿಯಾ ಅನ್ನುವ ಇನ್ನೊಂದು ಜಾತಿಯ ಪಿಂಗಾಣಿ ಕೊರೆಯುವಾಗ ಸೀಮೆಸುಣ್ಣದ ಹಾಗಿರುತ್ತದೆ. ಸುಮಾರು 1500 ಡಿಗ್ರಿಯಲ್ಲಿ ಬೆಂದಾಗ ಕುಗ್ಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿ, 20ರಿಂದ 25 ಪರ್ಸೆಂಟ್ ದೊಡ್ಡದಾಗಿ ಕೊರೆಯುತ್ತಾರೆ. ಆ ಕೆಲಸಕ್ಕೆ ಲ್ಯಾಬಿನ ಕುಲುಮೆ, ಲ್ಯಾಬಿನವರ ಕಣ್ಣು ಇದ್ದರೇ ಚೆನ್ನ. ಕ್ಲಿನಿಕ್ಕಿನಲ್ಲಿ ಸ್ಕ್ಯಾನ್, ಲ್ಯಾಬಿನಲ್ಲಿ ಕೆಲಸ. ನಮಗೆ ಇದು ಸಾಕು.

ಆದರೆ ಅಳತೆ ರೋಗಿಯ ಕೈಗೆ ಬರಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿ ಕೇಳಿದರೆ ಕೊಡುತ್ತಾರೆ, ನಾನು ಕೇಳಿ ತೆಗೆದುಕೊಂಡೆ. ಕೇಳದಿದ್ದರೆ ಅದು ಅವರ ಕಂಪ್ಯೂಟರಿನಲ್ಲೇ ಇರುತ್ತದೆ. ನಮ್ಮಲ್ಲಿ ಹಾಗಿರಲಿಲ್ಲ. ಎಕ್ಸ್‌ರೇ ಫಿಲ್ಮನ್ನು ಕೇಳದೇನೇ ಕವರಿಗೆ ಹಾಕಿ ಕೈಗೆ ಕೊಡುತ್ತಿದ್ದರು. ಈ ವಿಷಯದಲ್ಲಿ ನಮ್ಮ ರೂಢಿಯೇ ಮೇಲು. ಫಿಲ್ಮ್ ಹೋಯಿತು ಅಂತ ರೂಢಿಯನ್ನೂ ಯಾಕೆ ಬಿಡಬೇಕು?

ಕೇಳಬೇಕಾದದ್ದು ಎಸ್‌ಟಿಎಲ್ ಫೈಲ್. ಹಲ್ಲಿನ ಮೈಯನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಬರೆದಿಟ್ಟಿರುತ್ತದೆ, ಬೇರೆ ಬೇರೆ ಕಂಪನಿಗಳ ಸಾಫ್ಟ್‌ವೇರಿನಲ್ಲೂ ತೆರೆಯುತ್ತದೆ. ಬಣ್ಣವೂ ಬೇಕಿದ್ದರೆ ಪಿಎಲ್‌ವೈ ಕೇಳಿ. ಫೈಲ್ ಕೊಟ್ಟರೆ ರೋಗಿ ಬೇರೆ ಕಡೆ ಹೋಗಿಬಿಡುತ್ತಾನೆ ಅನ್ನುವ ಭಯ ಕೆಲವು ಡಾಕ್ಟರುಗಳಿಗೆ ಇರಬಹುದು. ಆದರೆ ಹೊಸ ಕ್ಯಾಪಿಗೆ ಹಲ್ಲು ತೇದ ಮೇಲೆ ಮತ್ತೆ ಅಳತೆ ತೆಗೆಯಲೇಬೇಕು, ಅಲ್ವಾ? ಹಳೆಯ ಫೈಲಿನಿಂದ ಸಿಗುವುದು ಮುರಿಯುವ ಮುಂಚೆ ಹಲ್ಲು ಹೇಗಿತ್ತು ಅನ್ನುವುದು. ಅದು ಆ ಬಾಯಿಯವರದ್ದೇ ತಾನೇ?

ಮುಂದಿನ ತಿಂಗಳು ಊರಿಗೆ ಹೋಗುತ್ತಿದ್ದೇನೆ. ಅಮ್ಮನ ಹಲ್ಲು ಗಟ್ಟಿಯಾಗಿರುವಾಗಲೇ ಎರಡೂ ಸಾಲು ಸ್ಕ್ಯಾನ್ ಮಾಡಿಸಬೇಕು. ಅವಳ ಡಾಕ್ಟರು ಈಗ ಸ್ಕ್ಯಾನರ್ ತಂದಿದ್ದಾರಂತೆ. ಫೋನ್ ಮಾಡಿ, ಫೈಲ್ ಕೊಡುತ್ತೀರಾ ಅಂತ ಕೇಳಿದೆ. "ಇದುವರೆಗೆ ಯಾರೂ ಕೇಳಿರಲಿಲ್ಲ. ಪೆನ್ ಡ್ರೈವ್ ತಗೊಂಡು ಬನ್ನಿ, ಹಾಕಿಕೊಡ್ತೀನಿ" ಅಂದರು.